ಡಿವಿಡೆಂಡ್ ಹಾಳೆ: ಇಳುವರಿಯ ಕಾಲಂ ಕೊನೆಗೂ ದಾರಿಗೆ ಬಂತು

ನಿವೃತ್ತಿಯ ಆದಾಯಕ್ಕೆಂದು ಕಟ್ಟುತ್ತಿರುವ ಎಕ್ಸೆಲ್ ಹಾಳೆಯಲ್ಲಿ ಉಳಿದೆಲ್ಲವೂ ಸರಿಹೋಗಿದ್ದರೂ ಇಳುವರಿಯ ಕಾಲಂ, ಅಂದರೆ ಕಂಪನಿ ಲಾಭದಿಂದ ಹಂಚುವ ಡಿವಿಡೆಂಡ್ ಷೇರಿನ ಬೆಲೆಯ ಶೇಕಡಾ ಎಷ್ಟೆಂಬ ಲೆಕ್ಕ, ಮಾತ್ರ ಹಠ ಹಿಡಿದು ಕೂತಿತ್ತು. ಅದನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸಿದ ಕೂಡಲೇ, ಮುಂದಿನ ವರ್ಷ ಅಷ್ಟೇ ಕೊಡುತ್ತದೆಂಬ ಭರವಸೆಯಿಲ್ಲದ ಷೇರುಗಳೇ ಮೇಲಕ್ಕೆ ಬರುತ್ತಿದ್ದವು. ಗಣಿ ಕಂಪನಿ ವೇದಾಂತ 2022-23ರಲ್ಲಿ ಐದು ಮಧ್ಯಂತರ ಕಂತುಗಳಲ್ಲಿ ಷೇರಿಗೆ 101.50 ರೂಪಾಯಿ ಹಂಚಿತು. ಆ ಮಾರ್ಚ್ ಕೊನೆಯ ಬೆಲೆಗೆ ಇಳುವರಿ ಶೇ 30ನ್ನು ದಾಟುತ್ತದೆ. ಮರುವರ್ಷ ಬಂದದ್ದು 29.50 ರೂಪಾಯಿ. ಮನೆಖರ್ಚು ಹೀಗೆ ಮೂರರಲ್ಲೊಂದು ಪಾಲಿಗೆ ಇಳಿಯುವುದಿಲ್ಲವಲ್ಲ!

ದತ್ತಾಂಶ ಒದಗಿಸುವವರ ಉಪಕಾರವೂ ಇದರಲ್ಲಿದೆ. ಐಟಿಸಿಯ 2022-23ರ 15.50 ರೂಪಾಯಿಯಲ್ಲಿ 2.75 ವಿಶೇಷ ಡಿವಿಡೆಂಡ್, ಅಂದರೆ ಪ್ರತಿವರ್ಷ ನಿರೀಕ್ಷಿಸಲಾಗದ ಹೆಚ್ಚುವರಿ, ಆಗಿತ್ತು. ನಾನು ಚಂದಾ ಕಟ್ಟಿ ತರಿಸುವ ಪಟ್ಟಿಯಲ್ಲಿ ಸಾಮಾನ್ಯ, ವಿಶೇಷ ಎರಡೂ ಒಂದೇ ಮೊತ್ತವಾಗಿ ಬರುವುದರಿಂದ, ಒಂದೊಂದು ಕಂಪನಿಯ ಪ್ರಕಟಣೆಯನ್ನೂ ತೆರೆದು ಕೈಯಾರೆ ಬೇರ್ಪಡಿಸಬೇಕಾಯಿತು.

ಬಿಡುಗಡೆ ಸಿಕ್ಕಿದ್ದು ಕಳೆದ ಹನ್ನೆರಡು ತಿಂಗಳ ಲೆಕ್ಕವನ್ನು ಕೈಬಿಟ್ಟು, ಏಳು ವರ್ಷಗಳಲ್ಲಿ ಅತಿ ಕಡಿಮೆ ಕೊಟ್ಟ ವರ್ಷದ ಸಾಮಾನ್ಯ ಡಿವಿಡೆಂಡನ್ನು ಮಾತ್ರ ಇಂದಿನ ಬೆಲೆಯಿಂದ ಭಾಗಿಸಿದಾಗ. ಪಟ್ಟಿ ತಲೆಕೆಳಗಾಯಿತು, ಆದರೆ ಬ್ಯಾಂಕುಗಳು ಸೊನ್ನೆಗೆ ಬಿದ್ದವು. 2020ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ 2019-20ನೇ ಸಾಲಿನ ಲಾಭದಿಂದ ಡಿವಿಡೆಂಡ್ ಹಂಚಬಾರದೆಂದು ಬ್ಯಾಂಕುಗಳಿಗೆ ಹೇಳಿತ್ತು. ಆ ವರ್ಷಕ್ಕೆ ರಿಯಾಯಿತಿ ಕೊಡೋಣವೆನಿಸಿದರೂ ಕೊಡಲಿಲ್ಲ, ಏಕೆಂದರೆ ಕಾರಣ ಯಾರದೇ ಆಗಲಿ, ನಿವೃತ್ತನ ಖಾತೆಗೆ ಹಣ ಬರದಿದ್ದರೆ ಬಂದಿಲ್ಲವೆಂದೇ ಅರ್ಥ.

ಇನ್‌ವಿಟ್‌ಗಳದ್ದು, ಅಂದರೆ ಹೆದ್ದಾರಿ, ವಿದ್ಯುತ್ ಮಾರ್ಗಗಳಂಥ ಮೂಲಸೌಕರ್ಯದಲ್ಲಿ ಹಣ ತೊಡಗಿಸುವ ಟ್ರಸ್ಟುಗಳದ್ದು, ಇದಕ್ಕೆ ತದ್ವಿರುದ್ಧವಾದ ತಕರಾರು. ಹಂಚಬಹುದಾದ ನಗದಿನ ಶೇ 90ರಷ್ಟನ್ನಾದರೂ ಹಂಚಲೇಬೇಕೆಂಬ, ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಿಂದಾಗಿ ಅವು ನನ್ನ ಸೂತ್ರದಲ್ಲಿ ಸಲೀಸಾಗಿ ಪಾಸಾಗುತ್ತವೆ. ಆದರೆ ಬರುವ ಹಣದಲ್ಲಿ ಬಡ್ಡಿ, ಡಿವಿಡೆಂಡ್‌ಗಳ ಜೊತೆಗೆ, ಟ್ರಸ್ಟು ತನ್ನ ಯೋಜನಾ ಕಂಪನಿಗಳಿಗೆ ಕೊಟ್ಟ ಸಾಲದ ಅಸಲಿನ ಮರುಪಾವತಿಯೂ ಸೇರಿರಬಹುದು. ಅಷ್ಟರ ಮಟ್ಟಿಗೆ ಅದು ನಮ್ಮ ಬಂಡವಾಳವೇ ನಮಗೆ ಮರಳಿದ್ದು. ಆ ಪಾಲನ್ನು ಕಳೆದೇ ಇಳುವರಿ ಬರೆಯುತ್ತಿದ್ದೇನೆ.

ಹಾಳೆಯ ಮೊದಲ ಸಾಲಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ: 2023ರಲ್ಲಿ ತೊಡಗಿಸಿದ್ದಕ್ಕೆ ಶೇ 8.2, ಐದು ವರ್ಷ ಬದಲಾಗದು, ಮೂರು ತಿಂಗಳಿಗೊಮ್ಮೆ ಕೈಗೆ. ಹೊಸ ಸೂತ್ರದಲ್ಲಿ ಅದರ ಸಮೀಪಕ್ಕೂ ಬರುವ ಷೇರುಗಳು ವಿರಳ. ಆದ್ದರಿಂದ ದಿನಸಿ, ಔಷಧಿ, ಕರೆಂಟು ಬಿಲ್ಲುಗಳನ್ನು ಆ ಬಡ್ಡಿಗೆ ಕಟ್ಟಿಹಾಕಿ, ಕಾಲಕ್ರಮದಲ್ಲಿ ಬೆಳೆಯಬಹುದೆಂಬ ಒಂದೇ ಕಾರಣಕ್ಕೆ ಡಿವಿಡೆಂಡನ್ನು ಉಳಿಸಿಕೊಂಡಿದ್ದೇನೆ. ಡಿವಿಡೆಂಡ್ ಕೊಡುವಾಗಲೇ ತೆರಿಗೆ ಮುರಿದುಕೊಳ್ಳುವ ಟಿಡಿಎಸ್ ತಪ್ಪಿಸಲು, ಷೇರುದಾರರ ದಾಖಲೆ ನೋಡಿಕೊಳ್ಳುವ ಒಂದೊಂದು ಕಂಪನಿಯ ರಿಜಿಸ್ಟ್ರಾರ್‌ಗೂ ಬೇರೆಬೇರೆಯಾಗಿ ತೆರಿಗೆ ಬಾಕಿಯಿಲ್ಲವೆಂಬ ಘೋಷಣೆ ಕಳಿಸುವ ಸೇವೆಯೂ ಅದರೊಂದಿಗೆ ಉಳಿದಿದೆ.

ಡಿವಿಡೆಂಡ್ ಬರುವ ತಿಂಗಳುಗಳನ್ನು ಜೋಡಿಸಿ ನೋಡಿದರೆ ಹೆಚ್ಚಿನ ಅಂತಿಮ ಕಂತುಗಳು ವಾರ್ಷಿಕ ಸಭೆಗಳ ಹೊತ್ತಿಗೆ, ಜುಲೈಯಿಂದ ಸೆಪ್ಟೆಂಬರ್ ಒಳಗೆ ಬೀಳುತ್ತವೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಆಗ ಆದಾಯವಿಲ್ಲ, ಖರ್ಚು ಮಾತ್ರ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಹೊಳವಾದ ದಿನ ಸಿಕ್ಕ, ಮರ ಹತ್ತುವ ಕೊನೆಗಾರ ಕೇಳಿದಷ್ಟು ಕೊಡಬೇಕು. ಹೀಗಾಗಿ ಮುಂದಿನ ಯೋಜನೆಯೂ ಸಿದ್ಧವಾಯಿತು. ಶಿವಮೊಗ್ಗ ಎಪಿಎಂಸಿಯ ಅಡಿಕೆ ದರವನ್ನು ಇದೇ ಹಾಳೆಗೆ ಸೇರಿಸಬೇಕು. ಅಡಿಕೆಯ ಬಗೆಗಳಲ್ಲಿ ರಾಶಿ, ಬೆಟ್ಟೆಗಳಿಗೆ ಒಂದೊಂದು ಕಾಲಂ ಸಾಕು, ಸರಕು ಎಂಬ ಬಗೆಗೂ ಬೇಕೋ ಎಂಬುದನ್ನು ಕೊನೆಕೊಯ್ಲಿಗೆ ಮೊದಲು ತೀರ್ಮಾನಿಸುತ್ತೇನೆ.