ಹುಬ್ಬಳ್ಳಿ ಟು ಬೆಂಗಳೂರು 58 ನಿಮಿಷ ಅಂತ!

ಹೋದ ಜುಲೈದಾಗ ಬೆಂಗಳೂರಾಗ ತಂಗಿ ಮಗಂದು ಹೆಸರಿಡೂ ಕಾರ್ಯಕ್ರಮ ಇತ್ತು, ನಾವು ಗದಗದಿಂದ ಯಾವಾಗ್ಲೂ ಹೋಗೂದು ಹಂಪಿ ಎಕ್ಸ್‌ಪ್ರೆಸ್‌ಗೆ, ಆದ್ರ ಅವ್ವಗ ಮೊಳಕಾಲು ನೋವು, ಮ್ಯಾಲಿನ ಬರ್ತ್ ಸಿಕ್ರ ಹತ್ತೂದು ಹೆಂಗ ಅಂತ ಈ ಸಲ ವಿಮಾನದಾಗ ಹೋಗೂಣು ಅಂದೆ. "ಎಷ್ಟೊತ್ತಾಗ್ತದೋ?" ಅಂದ್ಲು. ಮೊಬೈಲ್ ನೋಡಿ ಹೇಳಿಬಿಟ್ಟೆ, 370 ಕಿಲೋಮೀಟರ್, 58 ನಿಮಿಷ.

ಆ 58 ನಿಮಿಷ ಅಕಿ ಗಂಟು ಹಾಕ್ಕೊಂಡ್ಲು ನೋಡ್ರಿ.

ಮುಂಜಾನೆ 9ಕ್ಕ ಮನಿ ಬಿಟ್ವಿ. ಗದಗದಿಂದ ಹುಬ್ಬಳ್ಳಿ ಹತ್ರತ್ರ 60 ಕಿಲೋಮೀಟರ್, ಊರೊಳಗಿನ ಟ್ರಾಫಿಕ್ ದಾಟಿ ಏರ್‌ಪೋರ್ಟ್ ಇರೂ ಗೋಕುಲ ರೋಡ್ ಹಿಡಿಯೂದ್ರಾಗ ಹತ್ತೂವರಿ ದಾಟಿತ್ತು. ಹೊರಡೂದಕ್ಕ ಒಂದು ತಾಸು ಮುಂಚೆ ಚೆಕಿನ್ ಬಂದ್ ಮಾಡ್ತಾರಲ್ಲ, ಅದಕ್ಕ ಹೋಗಿ ಕುಂತಿವಿ. ಅವ್ವ ಕುಂತಲ್ಲೇ, "58 ನಿಮಿಷ ಮುಗದ್ವೇನೋ?"

ವಾಪಸ್ ಬಂದ ಮ್ಯಾಲ ನಾ ಒಂಚೂರು ಲೆಕ್ಕಾ ಮಾಡಿದೆ. ಆ 370 ಅನ್ನೂದು ಎರಡು ಏರ್‌ಪೋರ್ಟ್ ನಡುವ ದಾರ ಬಿಗಿದು ಎಳದಂಗ ನೇರ ದೂರ, ರೋಡ್ ಮ್ಯಾಲಾದ್ರ 400 ದಾಟ್ತದ. ಇಂಥ ಲೆಕ್ಕದಾಗ ಗಂಟೆಗೆ 800 ಕಿಮೀ ಸ್ಪೀಡ್ ಹಿಡದು, ಏರೂದು ಇಳಿಯೂದಕ್ಕ ಒಂದು ಅರ್ಧ ತಾಸು ಕೂಡಿಸ್ತಾರ, ಆಯ್ತು 58. ಆದ್ರ ನಮಗ ಸಿಕ್ಕಿದ್ದು ಎಟಿಆರ್ ಅಂತ ಫ್ಯಾನ್ ಇರೂ ಸಣ್ಣ ವಿಮಾನ, ಅದು ಓಡೂದ ಸುಮಾರು 500ಕ್ಕ. ಅಲ್ಲೇ ಕಾಲು ತಾಸು ಹೋತು.

ಇನ್ನೊಂದು ಮಜಾ ಏನಂದ್ರ ಗಾಳಿ. ವಿಮಾನ ಏರೂದೂ ಇಳಿಯೂದೂ ಗಾಳಿಗೆ ಎದುರಾಗಿ. ಹುಬ್ಬಳ್ಳಿ ರನ್‌ವೇನೂ ದೇವನಹಳ್ಳಿ ರನ್‌ವೇನೂ ಸುಮಾರು ಪೂರ್ವ-ಪಶ್ಚಿಮಾನ ಅದಾವ, ಮಳಿಗಾಲದಾಗ ಗಾಳಿ ಬೀಸೂದು ಪಶ್ಚಿಮದಿಂದ, ಅಂದ್ರ ಬೆಂಗಳೂರಿಗೆ ಹೋಗಬೇಕಾದ ವಿಮಾನ ಮೊದಲ ಕಾರವಾರದ ಕಡೆ ಮಾರಿ ಮಾಡಿ ಏರಿ ಆಮ್ಯಾಲ ಹೊರಳ್ತದ, ಅಲ್ಲಿ ಹೋಗಿ ಮತ್ತ ದೇವನಹಳ್ಳಿ ದಾಟಿ ಪೂರ್ವಕ್ಕ ಹೋಗಿ ತಿರುಗಿ ಬಂದು ಇಳೀತದ. ಬರೂಮುಂದ ಈ ಎರಡೂ ಸುತ್ತು ತಪ್ತಾವ. ಹೋಗೂದೊಂದು ದೂರ, ಬರೂದೊಂದು ದೂರ! ನಮ್ಮ ವಿಮಾನಾನೂ ಏರಿದ್ದ ತಡ ಒಂದು ಕಡೆ ವಾಲಿ ಹೊರಳ್ತು, ಅವ್ವ ನನ್ನ ಕೈ ಹಿಡದು, "ಏನರ ಮರತು ಬಂದಾರೇನೋ, ಹಿಂದಕ್ಕ ಹೊಂಟದ" ಅಂದ್ಲು. ನನಗೂ ಆಗ ಗೊತ್ತಿರಲಿಲ್ಲ, ಸುಮ್ನ ನಕ್ಕೆ.

ಗೇಟ್ ಬಿಟ್ಟಾಗಿಂದ ಗೇಟಿಗೆ ನಿಲ್ಲೂತನಕ ಒಂದು ತಾಸು ಹದಿನೈದು ನಿಮಿಷ. ಅದು ತಪ್ಪಲ್ಲ ಬಿಡ್ರಿ, ಟಿಕೆಟ್‌ನಾಗೂ ಹಂಗ ಇತ್ತು, ನಾನ ಓದಿರಲಿಲ್ಲ. ಬ್ಯಾಗ್ ಬರೂದಕ್ಕ ಅರ್ಧ ತಾಸು. ಖರೇ ಪ್ರಯಾಣ ಆಮ್ಯಾಲ ಶುರು ಆತು, ದೇವನಹಳ್ಳಿಯಿಂದ ಜೆಪಿ ನಗರಕ್ಕ ಟ್ಯಾಕ್ಸಿ, ಹೆಬ್ಬಾಳದಾಗ ನಿಂತದ್ದು ನಿಂತದ್ದ, ಎರಡು ತಾಸು. ಮನಿ ಮುಟ್ಟಿದಾಗ 4 ಗಂಟೆ. ಒಟ್ಟ 7 ತಾಸು! ವಂದೇ ಭಾರತ್ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆರು ತಾಸು ಚಿಲ್ಲರೆ ತಗೊಂತದ, ಅದರಾಗ ಊಟಾನೂ ಕೊಡ್ತಾರ.

ಹುಬ್ಬಳ್ಳಿ ಗೋಕುಲ ರೋಡ್‌ನಾಗ ಇರೂರಿಗೆ, ಯಲಹಂಕದಾಗ ಕೆಲಸ ಇದ್ರ, ವಿಮಾನ ಭಾರೀ ಬರೋಬ್ಬರಿ. ಗದಗ, ಹಾವೇರಿಯವರು ಮಾತ್ರ ಮನಿ ಬಾಗಲದಿಂದ ಬಾಗಲಕ್ಕ ಲೆಕ್ಕ ಹಾಕ್ರಿ.

ಬರೂಮುಂದ ಹಂಪಿಗೇ ಬಂದ್ವಿ. ಕೆಳಗಿನ ಬರ್ತ್ ಸಿಕ್ಕಿತ್ತು, ಅವ್ವ ತಂಗಿ ಕಟ್ಟಿಕೊಟ್ಟ ಹೋಳಿಗಿ ತಿಂದು ಮಲ್ಕೊಂಡಾಕಿ ಕೊಪ್ಪಳ ದಾಟೂತನಕ ಏಳಲಿಲ್ಲ.