ಯೂನಿಫಾರ್ಮ್ ಕಡ್ಡಾಯ ಅನ್ನುವವರೇ ಬಟ್ಟೆಯನ್ನೂ ಕೊಡಲಿ

ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಯೂನಿಫಾರ್ಮ್ ಕಡ್ಡಾಯ ಇರಬೇಕಾ? ಇರಲಿ ಅಂತಲೇ ನನ್ನ ಅಭಿಪ್ರಾಯ. ಆದರೆ ಕಡ್ಡಾಯ ಮಾಡುವವರೇ ಬಟ್ಟೆಯನ್ನೂ ಕೊಡಬೇಕು. ಕೊನೇಪಕ್ಷ ಎರಡು ಜೊತೆ.

ನಾನು ಟೈಲರ್. ಯೂನಿಫಾರ್ಮ್ ಹಾಕಿದರೆ ಬಡವರು, ಶ್ರೀಮಂತರು ಅಂತ ಗೊತ್ತಾಗಲ್ಲ ಅನ್ನುತ್ತಾರೆ. ಬಟ್ಟೆ ಕೈಗೆ ತೆಗೆದುಕೊಂಡರೆ ಎಲ್ಲ ಗೊತ್ತಾಗುತ್ತದೆ. ಮಗು ಬೆಳೆಯುತ್ತೆ ಅಂತ ಲಂಗದ ಅಂಚಿನಲ್ಲಿ ಜಾಸ್ತಿ ಬಟ್ಟೆ ಒಳಗೆ ಮಡಚಿ ಹೊಲಿದಿರುತ್ತೇವೆ. ಮುಂದಿನ ವರ್ಷ ಹೊಲಿಗೆ ಬಿಚ್ಚಿ ಇಳಿಸಿದರೆ ಒಳಗಿದ್ದ ಪಟ್ಟಿ ಹೊಸದರ ಹಾಗೆ ಕಡುಬಣ್ಣ, ಮೇಲಿನದು ಒಗೆದು ಒಗೆದು ಮಾಸಿದ್ದು. ನಡುವೆ ಹಳೇ ಮಡಿಕೆಯ ಗೆರೆ. ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗಲ್ಲ. ಜೊತೆಯ ಮಕ್ಕಳ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಒಬ್ಬಳು ಹುಡುಗಿ ಅದರ ಮೇಲೆ ಲೇಸ್ ಹಾಕಿಕೊಡಿ ಆಂಟಿ ಅಂದಳು. ಶಾಲೆಯಲ್ಲಿ ಲೇಸ್ ಒಪ್ಪುವುದಿಲ್ಲ. ಗೆರೆ ಒಳಗೆ ಮುಚ್ಚಿಹೋಗುವ ಹಾಗೆ ಸಣ್ಣ ಟಕ್ಸ್ ಹಿಡಿದು ಕೊಟ್ಟೆ. ಲಂಗ ಸ್ವಲ್ಪ ಗಿಡ್ಡ ಆಯ್ತು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ, ಗೆರೆ ಕಾಣಬಾರದು ಅಷ್ಟೇ.

ಒಂದೇ ಜೊತೆ ಇರುವ ಮಕ್ಕಳ ಕಷ್ಟ ಇನ್ನೂ ಜಾಸ್ತಿ. ರಾತ್ರಿ ಒಗೆದದ್ದು ಬೆಳಿಗ್ಗೆ ಒಣಗಿರಬೇಕು. ಬೇರೆ ಕಡೆ ಒಣಗಿದರೂ ಸೊಂಟದ ಪಟ್ಟಿ, ಜೇಬಿನ ಒಳಭಾಗ ಒದ್ದೆಯಾಗೇ ಇರುತ್ತವೆ. ಒಣಗದಿದ್ದರೆ ಮಗು ಮನೆಯಲ್ಲೇ ಉಳಿಯುತ್ತದೆ. ಮಕ್ಕಳನ್ನು ಶಾಲೆಗೆ ಕರೆತರಬೇಕಾದ ಬಟ್ಟೆಯೇ ಅವರನ್ನು ತಡೆದರೆ ಹೇಗೆ?

ಕೀನ್ಯಾದಲ್ಲಿ ಸಂಶೋಧಕರು ಬಡ ಮಕ್ಕಳಿಗೆ ಪುಕ್ಕಟೆ ಯೂನಿಫಾರ್ಮ್ ಕೊಟ್ಟು ನೋಡಿದ್ದಾರೆ. ಮಕ್ಕಳು ಶಾಲೆ ತಪ್ಪಿಸುವುದು ಕಡಿಮೆಯಾಯಿತು. ಅಲ್ಲಿ ಕೆಲಸ ಮಾಡಿದ್ದು ನಿಯಮ ಅಲ್ಲ, ಕೈಗೆ ಸಿಕ್ಕ ಬಟ್ಟೆ.

ಶಿಸ್ತಿನ ಮಾತು ಬಂದಾಗ ಕೆಲವರು ಅಮೆರಿಕದ ಲಾಂಗ್ ಬೀಚ್ ಉದಾಹರಣೆ ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಆ ಊರಿನ ಸರ್ಕಾರಿ ಶಾಲೆಗಳಲ್ಲಿ 1994ರಲ್ಲಿ ಎಂಟನೇ ತರಗತಿವರೆಗೆ ಯೂನಿಫಾರ್ಮ್ ಕಡ್ಡಾಯ ಆಯ್ತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೂಡ ಯೂನಿಫಾರ್ಮ್ ಪರವಾಗಿ ಮಾತಾಡಿದರು. ಆದರೆ ಅಲ್ಲಿನ ಕಾನೂನಿನಲ್ಲಿ ಇನ್ನೂ ಎರಡು ಮಾತಿದ್ದವು: ಬಡ ಮಕ್ಕಳಿಗೆ ನೆರವು ಸಿಗಬೇಕು, ಬೇಡ ಅನ್ನುವ ತಂದೆತಾಯಿಗೆ ವಿನಾಯಿತಿ ಇರಬೇಕು. ಇದನ್ನು ಯಾರೂ ಹೇಳುವುದೇ ಇಲ್ಲ! ಇನ್ನು ಶಿಸ್ತಿನ ವಿಷಯ: 1998ರಲ್ಲಿ ಬ್ರನ್ಸ್‌ಮಾ ಮತ್ತು ರಾಕ್‌ಮೋರ್ ಅನ್ನುವ ಸಂಶೋಧಕರು ಯೂನಿಫಾರ್ಮ್‌ನಿಂದ ಹಾಜರಿಯಾಗಲಿ ನಡತೆಯಾಗಲಿ ಸುಧಾರಿಸಿದ್ದು ಕಾಣಲಿಲ್ಲ ಅಂತ ಬರೆದರು.

ಹಾಗಿದ್ದರೂ ನನಗೆ ಯೂನಿಫಾರ್ಮ್ ಬೇಕು. ದಿನಾ ಬೆಳಿಗ್ಗೆ ಏನು ಹಾಕಲಿ ಅನ್ನುವ ಜಗಳ ಇರಲ್ಲ. ಹಬ್ಬದ ಬಟ್ಟೆ ಬಿಟ್ಟರೆ ಬೇರೆ ಇಲ್ಲದ ಮಗುವೂ ನೆಮ್ಮದಿಯಾಗಿ ಬರುತ್ತದೆ. ಆದರೆ ಎಲ್ಲೂ ಸಿಗುವ ಸಾದಾ ಬಣ್ಣ ಇರಲಿ. ಲೋಗೋ ಇರುವ ಶರ್ಟನ್ನು ಒಂದೇ ಅಂಗಡಿಯಲ್ಲಿ ಕೊಳ್ಳಿ ಅನ್ನುವುದು ಸುಮ್ನೆ ಹಿಂಸೆ. ಇಂಗ್ಲೆಂಡ್‌ನಲ್ಲಿ ಈ ಖರ್ಚು ತಗ್ಗಿಸಲೆಂದೇ 2021ರಲ್ಲಿ ಕಾನೂನು ತಂದರು, ಲೋಗೋ ಬಟ್ಟೆ ಆದಷ್ಟು ಕಡಿಮೆ ಮಾಡಿ ಅಂತ ಶಾಲೆಗಳಿಗೆ ಸೂಚನೆ ಹೋಯಿತು.

ಇನ್ನೊಂದು ಮಾತು, ಮೇಷ್ಟ್ರುಗಳಿಗೆ. ಬೇರೆ ಬಟ್ಟೆಯಲ್ಲಿ ಬಂದ ಮಗುವನ್ನು ದಯವಿಟ್ಟು ಬಾಗಿಲಲ್ಲಿ ನಿಲ್ಲಿಸಬೇಡಿ. ಮೊದಲು ಒಳಗೆ ಕೂರಿಸಿ, ಪಾಠ ಆಗಲಿ. ಯಾಕೆ ಹಾಕಿಲ್ಲ ಅಂತ ಸಂಜೆ ಮನೆಯವರನ್ನು ಕೇಳಿ.