ಕಿಟಕಿ ಬೆಳಕಿನಲ್ಲಿ ಸೂಜಿ ಹಿಡಿದ ಅಜ್ಜಿ

ಇವತ್ತಿನ ಕೆಲಸ ಒಂದೇ: ಹೊಲಿಗೆ ಹಾಕುತ್ತಾ ಕೂತ ಅಜ್ಜಿಯೊಬ್ಬರ ಭಾವಚಿತ್ರ, ಅದೂ ಫ್ಲ್ಯಾಶ್ ಇಲ್ಲದೆ. ಮೊದಲು ಕೋಣೆಯ ದೀಪ ಆರಿಸಬೇಕು. ಬೆಳಕಿನ ಬಣ್ಣ ಅಳೆಯುವ ಮಾನದಲ್ಲಿ ಹಗಲ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬು 2700ರ ಆಸುಪಾಸು. ಎರಡೂ ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಯಾವ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಕ್ಯಾಮೆರಾದ ಹೊಂದಾಣಿಕೆ) ಇಟ್ಟರೂ ಎರಡೂ ಒಟ್ಟಿಗೆ ಸರಿಹೋಗುವುದಿಲ್ಲ.

ನೇರ ಬಿಸಿಲು ಬೀಳದ ಕಿಟಕಿ, ಅದರಿಂದ ಒಂದು ಮೀಟರ್ ದೂರಕ್ಕೆ ಕುರ್ಚಿ. ಬೆಳಕು ತೀರಾ ಪಕ್ಕದಿಂದ ಬಂದರೆ ಮುಖ ಎರಡು ಹೋಳಾಗುತ್ತದೆ. ಕಿಟಕಿಯತ್ತ ಸ್ವಲ್ಪ ತಿರುಗಿಸಿದರೆ ನೆರಳಿನ ಕೆನ್ನೆಯ ಮೇಲೂ, ಕಣ್ಣಿನ ಕೆಳಗೆ, ಪುಟ್ಟ ತ್ರಿಕೋನ ಬೆಳಕು ಮೂಡುತ್ತದೆ. ಅಷ್ಟು ಸಾಕು.

ನಿಜವಾದ ತಕರಾರು ಫೋಕಸ್‌ನದು. ಫುಲ್‌ಫ್ರೇಮ್ (ಹಳೆಯ 35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್‌ನ) ಕ್ಯಾಮೆರಾ, 85 ಎಂಎಂ ಲೆನ್ಸ್, ಒಂದೂವರೆ ಮೀಟರ್ ದೂರ, ಎಫ್/2.8 (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಎಂಬ ಅಂಕಿ, ದೊಡ್ಡದಾದಷ್ಟೂ ಬಾಯಿ ಕಿರಿದು) ಎಂದರೆ ಚೂಪಾಗಿ ಬರುವ ಆಳ ಹೆಚ್ಚೂಕಡಿಮೆ 5 ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿದರೆ ಮಡಿಲಲ್ಲಿರುವ ಸೂಜಿ ಕರಗಿ ಹೋಗುತ್ತದೆ. ಎಫ್/5.6ಕ್ಕೆ ಇಳಿಸಿದರೂ ಆಳ 10 ಸೆಂಟಿಮೀಟರ್ ಅಷ್ಟೇ, ಮೇಲಾಗಿ ಬೆಳಕು ಕಡಿಮೆಯಾದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ನಾಲ್ಕು ಪಟ್ಟು ಏರಿಸಬೇಕು. ಷಟರ್ ನಿಧಾನ ಮಾಡುವಂತಿಲ್ಲ: 1/30 ಸೆಕೆಂಡಿನಲ್ಲಿ ದಾರ ಎಳೆಯುವ ಕೈ ಮಸುಕಾಗುತ್ತದೆ, 1/125 ಬೇಕೇ ಬೇಕು. ದಾರ ಪೋಣಿಸುವ ಗಳಿಗೆಗೆ ಕಾಯುವುದು ಇದಕ್ಕೇ. ಆಗ ಸೂಜಿ ತಾನಾಗಿ ಮುಖದ ಸಮಕ್ಕೆ ಏರುತ್ತದೆ, ಕಣ್ಣು ಕಿರಿದಾಗುತ್ತದೆ, ತೋರುಬೆರಳ ತುದಿಯ ಸೂಜಿಗೀರುಗಳೂ ಕಾಣುತ್ತವೆ. ಕ್ಯಾಮೆರಾವನ್ನು ತುಸು ಪಕ್ಕಕ್ಕೆ ಸರಿಸಿ, ಕಣ್ಣಿಗೂ ಸೂಜಿಗೂ ಲೆನ್ಸ್‌ನಿಂದ ಒಂದೇ ದೂರ ಬರುವಂತೆ ನೋಡಿಕೊಂಡರೆ ಎಫ್/4 ಸಾಕಾಗುತ್ತದೆ. ನಗಿಸಲು ಹೋಗಬೇಡಿ, ನಕ್ಕರೆ ಸೂಜಿ ಕೆಳಗಿಳಿಯುತ್ತದೆ.

ಹಿಂದಿನ ಗೋಡೆ ಕಪ್ಪಾಗಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನೂ 18% ಬೂದು (ನಡುಬೂದು) ಮಾಡಲು ಹೊರಟು ಹಣೆಯನ್ನು ಸುಣ್ಣ ಬಳಿದಂತೆ ಬಿಳುಪೇರಿಸುತ್ತದೆ. ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿ. ಸುಟ್ಟುಹೋದ ಬಿಳುಪು ರಾ ಫೈಲಿನಲ್ಲೂ (ಸೆನ್ಸರ್ ಕೊಟ್ಟ ಸಂಸ್ಕರಿಸದ ಕಡತ) ವಾಪಸ್ ಬರುವುದಿಲ್ಲ. ನೆರಳನ್ನಾದರೆ ಸ್ವಲ್ಪ ನಾಯ್ಸ್ (ಕಾಳುಕಾಳು ಮಸುಕು) ಸಹಿಸಿಕೊಂಡು ಬೆಳಗಿಸಬಹುದು. ಮೋಡ ಸರಿದಾಗಲೆಲ್ಲ ಮತ್ತೆ ಅಳೆಯಲೇಬೇಕು.

ಉಳಿದದ್ದು ನೆರಳಿನ ಕಡೆಗೆ ಬಿಳಿ ಥರ್ಮೋಕೋಲ್ ಹಲಗೆ ಇಟ್ಟು ಕಿಟಕಿಯ ಬೆಳಕು ಮರಳಿಸಬೇಕೇ ಎಂಬುದು. ಅರ್ಧ ಮೀಟರ್‌ಗೆ ತಂದರೆ ಸುಕ್ಕುಗಳು ಅರ್ಧ ಮಾಯ. ಚಿತ್ರದ ಅರ್ಥ ಬದಲಾಗುವುದು ಇಲ್ಲೇ: ಹಲಗೆ ಇಟ್ಟರೆ ಅಂದವಾದ ಮುಖ, ತೆಗೆದರೆ ದುಡಿದ ಮುಖ. ನನ್ನ ಮತ ಎರಡನೆಯದಕ್ಕೆ. ಆದರೂ ಎರಡೂ ಚಿತ್ರ ತೆಗೆದಿಡಿ, ಮನೆಯವರು ಸಾಮಾನ್ಯವಾಗಿ ಕೇಳುವುದು ಮೊದಲನೆಯದನ್ನೇ.